ಮೇಣದ ಮೂಲೆಯ ಕಚ್ಚು

ಮಂಗಳವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಮೈಕ್ರಾನಕ್ಕ ಹಳೆಯ ಬ್ಲೇಡಿನ ತುಂಡೊಂದನ್ನು ಹಿಡಿದು ಮೇಣದ ಬಿಲ್ಲೆಗಳ ಮೂಲೆ ಕತ್ತರಿಸುತ್ತಿದ್ದರು. ಪ್ರತಿ ಬಿಲ್ಲೆಗೆ ಒಂದೇ ಕಚ್ಚು, ಮೇಲಿನ ಬಲಮೂಲೆಯಲ್ಲಿ, ಎಳ್ಳುಕಾಳು ಕೂರುವಷ್ಟು. ಅಂದು ಇಪ್ಪತ್ತಮೂರು ಬಿಲ್ಲೆಗಳಿದ್ದವು. ಹದಿನೇಳನೆಯದಕ್ಕೆ ಕಚ್ಚು ಹಾಕುವ ಹೊತ್ತಿಗೆ ಹೊರಗಿನ ಕಿಟಕಿಯ ಗಾಜನ್ನು ಯಾರೋ ನಾಣ್ಯದಿಂದ ತಟ್ಟಿದರು.

ಆಸ್ಪತ್ರೆಯ ನೆಲಮಹಡಿಯ ತುದಿಯಲ್ಲಿ, ಔಷಧಿ ಉಗ್ರಾಣವನ್ನು ದಾಟಿದರೆ ಸಿಗುವ ಕೋಣೆ ಅವರದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕುಗಳೆಲ್ಲ ಅಲ್ಲಿಗೆ ಬರುತ್ತವೆ. ಅವುಗಳ ನೀರಿನಂಶ ತೆಗೆದು, ಕರಗಿದ ಮೇಣ ಕುಡಿಸಿ, ಅರ್ಧ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಲ್ಲೆಗಳಾಗಿ ಗಟ್ಟಿಮಾಡುತ್ತಾರೆ. ಆ ಬಿಲ್ಲೆಯನ್ನು ಮೈಕ್ರೋಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ, ಪಕ್ಕದ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಪೊರೆಪೊರೆಯಾಗಿ ಕತ್ತರಿಸುವುದು ಮೈಕ್ರಾನಕ್ಕನ ಕೆಲಸ. ಒಂದು ಪೊರೆಯ ದಪ್ಪ ಐದು ಮೈಕ್ರಾನ್. ಒಂದು ತಲೆಗೂದಲನ್ನು ಉದ್ದಕ್ಕೆ ಹದಿನಾಲ್ಕು ಸೀಳಾಗಿಸಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು. ಇಪ್ಪತ್ತಾರು ವರ್ಷ ಇದನ್ನೇ ಮಾಡಿದ ಮೇಲೆ ಅವರಿಗೆ ಎಲ್ಲವೂ ಮೈಕ್ರಾನಿನಲ್ಲೇ ಅಳೆಯುವ ಅಭ್ಯಾಸವಾಗಿತ್ತು. "ಸಾರಿಗೆ ಉಪ್ಪು ಎರಡು ಮೈಕ್ರಾನ್ ಜಾಸ್ತಿ ಆಗಿದೆ" ಎನ್ನುವರು. ಸಂಬಳದ ದಿನ ಗುಮಾಸ್ತ ನಕ್ಕರೆ, "ಇವತ್ತು ಅರ್ಧ ಮೈಕ್ರಾನ್ ಹಲ್ಲು ಕಂಡ್ತಪ್ಪ" ಎನ್ನುವರು. ಹೆಸರು ಹಾಗೆ ಬಂತು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ.

ಯಂತ್ರಕ್ಕೂ ಅವರು ಒಂದು ಹೆಸರಿಟ್ಟಿದ್ದರು: ಅತ್ತೆ. "ಎಷ್ಟು ಸೇವೆ ಮಾಡಿದ್ರೂ ಒಂದು ಕೊಂಕು ತೆಗೀತಾರೆ, ಅದಕ್ಕೆ" ಎಂಬುದು ವಿವರಣೆ. ಬ್ಲೇಡು ಪೊರೆಯಲ್ಲಿ ಗೀರು ಎಳೆದರೆ ಅತ್ತೆಗೆ ಮುನಿಸು, ಪೊರೆ ಮುದುಡಿದರೆ ಅತ್ತೆಗೆ ಶೀತ. "ನನ್ನ ಸ್ವಂತ ಅತ್ತೆ ಹೋಗಿ ಒಂಬತ್ತು ವರ್ಷ ಆಯ್ತು. ಪಾಪ, ಬಾಯಿ ಸತ್ತವರು. ಇವರು ನೋಡಿ, ಇನ್ನೂ ಗುಂಡುಕಲ್ಲು."

ನಾನು ಅದೇ ಕಟ್ಟಡದ ಎರಡನೆಯ ಮಹಡಿಯಲ್ಲಿ ಜೀನ್ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದೆ. ಅವರು ಕತ್ತರಿಸಿ ಕಳಿಸಿದ ಪೊರೆಗಳಿಂದ ಡಿಎನ್‌ಎ ತೆಗೆದು ಪರೀಕ್ಷಿಸುವುದು ನಮ್ಮ ಪಾಲು. ನಮ್ಮನ್ನು ಅವರು "ಮಹಡಿಯವರು" ಎನ್ನುತ್ತಿದ್ದರು, ಬಾಡಿಗೆಗೆ ಇದ್ದವರನ್ನು ಕರೆಯುವ ಹಾಗೆ.

ಕಚ್ಚಿನ ವಿಷಯ ಇಲ್ಲೇ ಹೇಳಬೇಕು, ಏಕೆಂದರೆ ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಕತ್ತರಿಸಿದ ಪೊರೆಗಳು ಒಂದಕ್ಕೊಂದು ಅಂಟಿಕೊಂಡು ಪಟ್ಟಿಯಾಗಿ ಬರುತ್ತವೆ. ಆ ಪಟ್ಟಿಯನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಟ್ಟ ಮೇಲೆ ಒಂದೊಂದೇ ಪೊರೆಯನ್ನು ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಳ್ಳಬೇಕು. ಪೊರೆಗೆ ಎರಡು ಮೈ. ಒಂದು ಸ್ವಲ್ಪ ಮಿನುಗುತ್ತದೆ, ಇನ್ನೊಂದು ಮಂಕು. ಮಿನುಗುವ ಮೈ ನೀರಿನ ಕಡೆಗಿರಬೇಕು. ಮಗುಚಿ ಬಿದ್ದರೆ ಸ್ಲೈಡಿನ ಮೇಲಿನ ಚಿತ್ರ ಕನ್ನಡಿಯಲ್ಲಿ ಕಂಡಂತಾಗುತ್ತದೆ: ಎಡ ಬಲವಾಗುತ್ತದೆ, ಬಲ ಎಡ. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳಲ್ಲಿ ಮೈಕ್ರಾನಕ್ಕ ಹಾಗೆ ಮಗುಚಿ ಹಾಕಿ, ಎಲ್ಲರೆದುರು ಬೈಸಿಕೊಂಡು ಮನೆಗೆ ಹೋಗಿದ್ದರು. ಆಗಷ್ಟೇ ಮದುವೆಯಾಗಿತ್ತು. ಗಂಡ ದರ್ಜಿ, ಮನೆಯ ಮುಂಭಾಗದಲ್ಲೇ ಅಂಗಡಿ, ಎರಡು ಹೊಲಿಗೆ ಯಂತ್ರ. ಹೆಂಡತಿಯ ಮುಖ ನೋಡಿ ಕತ್ತರಿ ಕೆಳಗಿಟ್ಟು ಕೇಳಿದರಂತೆ. ಅವರು ಹೇಳಿದರಂತೆ.

"ಅಷ್ಟಕ್ಕೇ ಅಳ್ತಾರೇನೇ? ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಥರ ಇದ್ರೆ ನಾವೇನು ಮಾಡ್ತೀವಿ? ಒಂದು ಮೂಲೆಗೆ ಕಚ್ಚು ಹಾಕ್ತೀವಿ. ಆಮೇಲೆ ಕಚ್ಚು ಯಾವ ಕಡೆ ಇದೆ ಅಂತ ನೋಡಿದ್ರೆ ಮುಗೀತು."

"ಮೇಣಕ್ಕೆ ಕಚ್ಚು ಹಾಕಿದ್ರೆ ನಗ್ತಾರೆ ರೀ."

"ನಗಲಿ ಬಿಡು. ತೋಳು ತಿರುವು ಮುರುವಾಗಿ ಹೊಲಿದ್ರೆ ಗಿರಾಕಿ ನಗಲ್ಲ ನೋಡು."

ನಕ್ಕರು, ನಿಜ. "ಮೈಕ್ರಾನಕ್ಕನ ಬಿಲ್ಲೆಗಳನ್ನ ಇಲಿ ಕಡೀತದೆ" ಎಂದು ವರ್ಷಗಟ್ಟಲೆ ಆಡಿಕೊಂಡರು. ಅವರು ಕಚ್ಚು ಹಾಕುವುದನ್ನು ಬಿಡಲಿಲ್ಲ. ಪೊರೆ ಕತ್ತರಿಸಿದಾಗ ಅದರ ಮೇಣದ ಅಂಚಿನಲ್ಲೂ ಆ ಚಿಕ್ಕ ಕೊರತೆ ಮೂಡುತ್ತದೆ. ಸ್ಲೈಡನ್ನು ಬೆಳಕಿಗೆ ಹಿಡಿದರೆ, ಕಚ್ಚು ಬಲಗಡೆ ಇದ್ದರೆ ಸರಿ, ಎಡಗಡೆ ಇದ್ದರೆ ಮಗುಚಿದೆ.

ಆ ಮಂಗಳವಾರ ಅವರು ಹದಿನೇಳನೆಯ ಬಿಲ್ಲೆಯನ್ನು ಮುಗಿಸಿಯೇ ಕಿಟಕಿಗೆ ಹೋದರು. ಹೊರಗೆ ನಲವತ್ತರ ಆಸುಪಾಸಿನ ಹೆಂಗಸು. ತೋಳಿನ ಮಡಿಕೆಯಲ್ಲಿ ಮೈದಾಹಿಟ್ಟಿನ ಬಿಳಿ ಗೆರೆ. ಕೈಯಲ್ಲಿ ಸಹಿ ಮಾಡಿದ ಚೀಟಿ: ತಂದೆಯ ಮೇಣದ ಬಿಲ್ಲೆ ಮತ್ತು ಸ್ಲೈಡುಗಳನ್ನು ಮನೆಯವರಿಗೆ ಕೊಡುವುದು.

"ಬೇಕರಿನಾ?" ಎಂದರು ಮೈಕ್ರಾನಕ್ಕ, ತೋಳು ನೋಡಿ.

"ಹೂಂ. ಬೆಳಗಿನ ಬ್ರೆಡ್ ಇಳಿಸಿ ಹಾಗೇ ಓಡಿ ಬಂದೆ. ನಮ್ಮಪ್ಪಂದು ಇದು. ತಲೇಲಿ ಗಡ್ಡೆ."

ತಂದೆಗೆ ಎಪ್ಪತ್ತೆರಡು. ಮೂವತ್ತನಾಲ್ಕು ವರ್ಷ ಅಂಚೆ ಹಂಚಿದವರು. ಮಿದುಳಿನ ಬಲಭಾಗದ ಗಡ್ಡೆಯಿಂದ ಅವರಿಗೆ ಎಡಗಡೆ ಎಂಬುದೇ ಇಲ್ಲದಂತಾಗಿತ್ತು. "ತಟ್ಟೇಲಿ ಬಲಗಡೆ ಇರೋದನ್ನ ತಿಂದು ಎದ್ದುಬಿಡ್ತಾರೆ. ತಟ್ಟೆ ತಿರುಗಿಸಿಟ್ರೆ, 'ಓ, ಇನ್ನೂ ಇದೆಯಾ' ಅಂತ ಮತ್ತೆ ಕೂತ್ಕೋತಾರೆ," ಎಂದು ಮಗಳು ಹೇಳಿ ಅರ್ಧ ನಕ್ಕಳು.

"ಡಾಕ್ಟ್ರು ಏನಂದ್ರು?"

"ಮಾತ್ರೆ ಕೊಟ್ರೂ ಈ ಗಡ್ಡೆಗೆ ನಾಟಲ್ಲ ಅಂದ್ರು. ಪರೀಕ್ಷೇಲಿ ಹಾಗೆ ಬಂದಿದೆಯಂತೆ. ಈ ವಯಸ್ಸಲ್ಲಿ ಸುಮ್ನೆ ಮೈ ಹಣ್ಣು ಮಾಡೋದು ಬೇಡ, ಸ್ವಲ್ಪ ದಿನ ಕಿರಣ ಕೊಡೋಣ, ಆಮೇಲೆ ಮನೇಲಿ ನೋಡ್ಕೊಳ್ಳಿ ಅಂದ್ರು. ಸೋಮವಾರ ತೀರ್ಮಾನ. ಅಷ್ಟರೊಳಗೆ ಬೇರೆ ಕಡೆ ಒಬ್ಬರಿಗೆ ತೋರಿಸೋಣ ಅಂತ."

ಮಗಳು ಹೇಳಿದ ಆ ಪರೀಕ್ಷೆ ಮಾಡಿದ್ದು ನಾನು. ಅದರ ವಿವರ ಇಷ್ಟು. ಈ ಬಗೆಯ ಮಿದುಳಿನ ಗಡ್ಡೆಗೆ ಕೊಡುವ ಮುಖ್ಯ ಔಷಧಿ ಟೆಮೊಜೋಲೊಮೈಡ್. ಅದು ಗಡ್ಡೆಯ ಜೀವಕಣಗಳೊಳಗೆ ಹೋಗಿ ಡಿಎನ್‌ಎಯ ಅಕ್ಷರಗಳಲ್ಲೊಂದಕ್ಕೆ ಸಣ್ಣದೊಂದು ರಾಸಾಯನಿಕ ತುಣುಕನ್ನು ಅಂಟಿಸುತ್ತದೆ. ಕಣ ಇಬ್ಭಾಗವಾಗಲು ಹೋದಾಗ ಆ ಅಕ್ಷರವನ್ನು ತಪ್ಪಾಗಿ ಓದಿಕೊಂಡು, ತಿದ್ದಲು ಹೋಗಿ ಮತ್ತೆ ಮತ್ತೆ ಎಡವಿ, ಕೊನೆಗೆ ಸಾಯುತ್ತದೆ. ಆದರೆ ಕಣದಲ್ಲಿ ಒಂದು ರಿಪೇರಿ ಪ್ರೋಟೀನು ಇದೆ, ಎಂಜಿಎಂಟಿ ಎಂದು. ಅದು ಅಂಟಿದ ತುಣುಕನ್ನು ಕಿತ್ತು ತನ್ನ ಮೈಗೇ ಅಂಟಿಸಿಕೊಳ್ಳುತ್ತದೆ. ಅಲ್ಲಿಗೆ ಆ ಪ್ರೋಟೀನಿನ ಆಯುಸ್ಸು ಮುಗಿಯುತ್ತದೆ. ಒಂದು ಗಾಯಕ್ಕೆ ಒಂದು ಪ್ರೋಟೀನು. ಅದನ್ನು ಬೇಕಾದಷ್ಟು ತಯಾರಿಸಬಲ್ಲ ಗಡ್ಡೆಗೆ ಔಷಧಿ ಹೆಚ್ಚೇನೂ ಮಾಡದು. ಕೆಲವು ಗಡ್ಡೆಗಳಲ್ಲಿ ಮಾತ್ರ ಆ ಪ್ರೋಟೀನನ್ನು ತಯಾರಿಸುವ ಜೀನಿಗೇ ಬೀಗ ಬಿದ್ದಿರುತ್ತದೆ. ಅಂಥವು ರಿಪೇರಿ ಮಾಡಿಕೊಳ್ಳಲಾರವು, ಔಷಧಿ ನಾಟುತ್ತದೆ. ಬೀಗ ಇದೆಯೋ ಇಲ್ಲವೋ ಎಂದು ನೋಡುವುದೇ ಪರೀಕ್ಷೆ. ವಯಸ್ಸಾದವರಲ್ಲಿ ಬಹಳ ಮಟ್ಟಿಗೆ ಅದರ ಮೇಲೇ ಚಿಕಿತ್ಸೆ ನಿರ್ಧಾರವಾಗುತ್ತದೆ.

ಮೈಕ್ರಾನಕ್ಕನ ಗಂಡನಿಗೆ ಇದನ್ನು ಒಮ್ಮೆ ವಿವರಿಸಿದಾಗ ಅವರು ಹೇಳಿದ್ದು ನನ್ನ ವಿವರಣೆಗಿಂತ ಚೆನ್ನಾಗಿತ್ತು: "ಅಂದ್ರೆ ಆ ದರ್ಜಿಗೆ ಒಂದು ಹೊಲಿಗೆಗೆ ಒಂದು ಸೂಜಿ ಬೇಕು. ಸೂಜಿ ಡಬ್ಬಿಗೆ ಬೀಗ ಹಾಕಿದ್ರೆ ಹರಿದದ್ದು ಹರಿದ ಹಾಗೇ."

ಅಂಚೆಯವರ ವರದಿಯಲ್ಲಿ ನಾನು ಬರೆದಿದ್ದದ್ದು: ಬೀಗ ಇಲ್ಲ.

ಮೈಕ್ರಾನಕ್ಕ ಬೀರುವಿನಿಂದ ಬಿಲ್ಲೆ ತೆಗೆದರು, ಬಣ್ಣ ಹಾಕಿದ ಸ್ಲೈಡು ತೆಗೆದರು. ಅದರ ಮೇಲೆ ನಮ್ಮ ಮುಖ್ಯ ವೈದ್ಯೆ, ಎಲ್ಲರೂ 'ಮೇಡಂ' ಎನ್ನುತ್ತಿದ್ದವರು, ಎಡ ಅರ್ಧದಲ್ಲಿ ನೀಲಿ ಪೆನ್ನಿನಿಂದ ಒಂದು ಸುತ್ತು ಬರೆದಿದ್ದರು. ಸುತ್ತಿನ ಒಳಗೆ ಗಡ್ಡೆ, ಹೊರಗೆ ಗಡ್ಡೆಯಂಚಿನ ಮಾಮೂಲಿ ಮಿದುಳು. ಪರೀಕ್ಷೆಗೆ ಬಣ್ಣವಿಲ್ಲದ ಹನ್ನೊಂದು ಸ್ಲೈಡುಗಳನ್ನು ಮಹಡಿಗೆ ಕಳಿಸಿದ್ದರು. ಹತ್ತು ಬಳಸಿ ಒಂದನ್ನು ಮೀಸಲು ಎಂದು ಕೆಳಗೆ ವಾಪಸ್ ಕಳಿಸಿದ್ದೆವು. ಆ ಮೀಸಲು ಸ್ಲೈಡನ್ನೂ ತೆಗೆದರು. ಹೊರಗೆ ಕೊಡುವ ಮೊದಲು ಎಲ್ಲವನ್ನೂ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದು ನೋಡುವುದು ಅವರ ಕ್ರಮ. ನೋಡಿದರು.

ಬಣ್ಣ ಹಾಕಿದ ಸ್ಲೈಡು ಸರಿಯಾಗಿತ್ತು. ಮೀಸಲು ಸ್ಲೈಡಿನ ಮೇಣದಲ್ಲಿ ಕಚ್ಚು ಎಡಗಡೆ ಇತ್ತು.

ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಎಡಗಡೆಯೇ. ಆಮೇಲೆ ತಮ್ಮ ಪುಸ್ತಕ ತೆಗೆದರು. ಯಾವ ಬಿಲ್ಲೆಯಿಂದ, ಯಾವ ದಿನ, ಎಷ್ಟು ಪೊರೆ ಎಂಬುದನ್ನೆಲ್ಲ ಬರೆದಿಡುವ ಪುಸ್ತಕ. ಹದಿಮೂರು ದಿನಗಳ ಹಿಂದಿನ ಸಾಲಿನ ಪಕ್ಕದಲ್ಲಿ ಅವರದೇ ಅಕ್ಷರ: 'ನಡುವೆ ಮಹಡಿಯಿಂದ ಫೋನ್.' ಫೋನ್ ಮಾಡಿದ್ದು ನಾನೇ. "ಸ್ಲೈಡು ಆಯ್ತಾ ಅಕ್ಕ, ಕಾಯ್ತಾ ಇದ್ದೀವಿ" ಎಂದು ಅವಸರ ಮಾಡಿದ್ದೆ. ಅವರು ಪಟ್ಟಿಯನ್ನು ಕಪ್ಪು ಕಾಗದದ ಮೇಲೆ ಬಿಟ್ಟು ಎದ್ದು, ಬಂದು, ಇನ್ನೊಂದು ತುದಿಯಿಂದ ಎತ್ತಿ ನೀರಿಗೆ ಬಿಟ್ಟಿದ್ದರು. ಅದು ಮಗುಚಿತ್ತು. ಅವರು ನೋಡಲಿಲ್ಲ. ತುಣುಕು ಹೆಚ್ಚುಕಡಿಮೆ ಮೊಟ್ಟೆಯಾಕಾರ, ಮಗುಚಿದರೂ ಹಾಗೇ ಕಾಣುತ್ತಿತ್ತು, ನಾನೂ ನೋಡಲಿಲ್ಲ. ನಾವು ಮೇಣ ಕರಗಿಸಿದಾಗ ಕಚ್ಚೂ ಕರಗಿಹೋಯಿತು. ಮೇಡಂ ಬರೆದ ಸುತ್ತಿನ ಜಾಗವನ್ನು ಅಳೆದು, ಎಡ ಅರ್ಧವನ್ನು ಜೋಪಾನವಾಗಿ ಕೆರೆದು ಪರೀಕ್ಷಿಸಿದ್ದೆ. ಗಡ್ಡೆ ಬಲ ಅರ್ಧದಲ್ಲಿತ್ತು. ನಾನು ಪರೀಕ್ಷಿಸಿದ್ದು ಗಡ್ಡೆಯಿಲ್ಲದ ಮಿದುಳನ್ನು. ಆರೋಗ್ಯವಾಗಿರುವ ಮಿದುಳಿನಲ್ಲಿ ಆ ಬೀಗ ಇರುವುದೇ ಇಲ್ಲ.

ಅವರು ಆ ಮೂರನ್ನೂ ಪೊಟ್ಟಣ ಕಟ್ಟಿ ಕಿಟಕಿಯಾಚೆ ಕೊಟ್ಟುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಇಡೀ ಕಟ್ಟಡದಲ್ಲಿ ಆ ಕಚ್ಚನ್ನು ಓದುವವರು ಅವರೊಬ್ಬರೇ.

ಕಿಟಕಿಗೆ ಹೋಗಿ, "ತಂಗೀ, ಇದನ್ನ ಈಗ ಕೊಡಲ್ಲ," ಎಂದರು.

"ಯಾಕೆ? ಚೀಟಿ ತಂದಿದ್ದೀನಲ್ಲ."

"ಚೀಟಿ ಸರಿಯಾಗಿದೆ. ನಾನು ಸರಿಯಾಗಿಲ್ಲ. ಅರ್ಧ ಗಂಟೆ ಆ ಬೆಂಚಿನ ಮೇಲೆ ಕೂತಿರಿ. ಎಲ್ಲೂ ಹೋಗ್ಬೇಡಿ."

ಆಮೇಲೆ ಮೇಡಂರನ್ನೂ ನನ್ನನ್ನೂ ಕರೆಸಿದರು. ನಾನು ಇಳಿದು ಹೋದಾಗ ಮೂರು ವಸ್ತುಗಳು ಬಿಳಿ ಕಾಗದದ ಮೇಲೆ ಸಾಲಾಗಿದ್ದವು. ಮೈಕ್ರಾನಕ್ಕ ಪೆನ್ಸಿಲಿನಿಂದ ಕಚ್ಚುಗಳನ್ನು ತೋರಿಸಿದರು.

"ಕೆರೆದು ಉಳಿದ ಸ್ಲೈಡುಗಳು?" ಎಂದರು ಮೇಡಂ ನನ್ನ ಕಡೆ ತಿರುಗಿ. ಅವುಗಳ ಬಲ ಅರ್ಧ ಹಾಗೇ ಇರಬೇಕಿತ್ತಲ್ಲ.

"ಅವತ್ತೇ ಸಂಜೆ ಬಿಸಾಡಿದ್ವಿ ಮೇಡಂ." ನಮ್ಮಲ್ಲಿ ಆಗ ಹಾಗಿತ್ತು. ಈಗ ಮೂರು ತಿಂಗಳು ಇಡುತ್ತೇವೆ.

"ಮತ್ತೆ ತಲೆ ತೆರೆಯೋ ಹಾಗಿಲ್ಲ. ಸರ್ಜನ್ ಆಗಲೇ ಹೇಳಿದಾರೆ, ಇಷ್ಟೇ ಸಿಗೋದು ಅಂತ." ಮೇಡಂ ಬಿಲ್ಲೆಯನ್ನು ಎತ್ತಿ ನೋಡಿದರು. ಸರ್ಜನ್‌ಗೆ ಸಿಕ್ಕಿದ್ದು ಹೂವಿನ ಎಸಳಿನಂಥ ತೆಳು ತುಣುಕು. ಅದರಲ್ಲಿ ಬಹುಪಾಲು ಬೇರೆ ಬೇರೆ ಪರೀಕ್ಷೆಗಳಿಗೆ ಖರ್ಚಾಗಿತ್ತು. "ಇದ್ರಲ್ಲಿ ಏನಾದ್ರೂ ಉಳಿದಿದೆಯಾ?"

"ನಿಮಗೆ ಎಷ್ಟು ಬೇಕು ಮಹಡಿಯವರೇ?" ಎಂದು ಮೈಕ್ರಾನಕ್ಕ ನನ್ನನ್ನು ಕೇಳಿದರು.

"ಹತ್ತು ಪೊರೆ. ಅದಕ್ಕಿಂತ ಕಡಿಮೆ ಆದ್ರೆ ನಂಬೋ ಹಾಗಿರಲ್ಲ."

"ಬಣ್ಣಕ್ಕೆ ಒಂದು. ಹನ್ನೊಂದು ಬೇಕು."

ತೊಡಕು ಬರೀ ಎಣಿಕೆಯದಲ್ಲ. ಒಮ್ಮೆ ಯಂತ್ರದಿಂದ ಇಳಿಸಿದ ಬಿಲ್ಲೆಯನ್ನು ಮತ್ತೆ ಸಿಕ್ಕಿಸಿದರೆ ಅದರ ಮುಖ ಬ್ಲೇಡಿಗೆ ಮೊದಲಿನಂತೆ ಸಮನಾಗಿ ಕೂರುವುದಿಲ್ಲ. ಸಮಮಾಡುವಷ್ಟರಲ್ಲಿ ಎಂಟೋ ಹತ್ತೋ ಪೊರೆ ಹಾಳಾಗುವುದು ಮಾಮೂಲು. ಹಾಗಾದರೆ ತುಣುಕೇ ಮುಗಿದುಹೋಗುತ್ತದೆ, ಪರೀಕ್ಷೆಯೂ ಇಲ್ಲ; ಮಗಳು ಬೇರೆ ಕಡೆ ತೋರಿಸಲು ಒಯ್ಯುವುದಕ್ಕೂ ಏನೂ ಇರುವುದಿಲ್ಲ.

"ಮನೆಯವರನ್ನ ಕೇಳದೆ ಬ್ಲೇಡ್ ಮುಟ್ಟಿಸಲ್ಲ," ಎಂದರು ಮೈಕ್ರಾನಕ್ಕ.

ಮೇಡಂ ಸ್ವಲ್ಪ ಯೋಚಿಸಿದರು. "ಪರೀಕ್ಷೆ ಇನ್ನೊಂದು ಸಲ ಮಾಡಬೇಕು ಅಂತ ಹೇಳಿದ್ರೆ ಸಾಕು. ಮಗುಚಿದ್ದು ಗಿಗುಚಿದ್ದು ಎಲ್ಲ ಯಾಕೆ? ಇಪ್ಪತ್ತಾರು ವರ್ಷದಲ್ಲಿ ಒಂದು ಸಲ."

"ಮೇಡಂ, ಅವರ ಅಪ್ಪನಿಗೆ ಒಂದೇ ತಲೆ ಇರೋದು. ಇಪ್ಪತ್ತಾರು ವರ್ಷದ ಲೆಕ್ಕ ಅವರಿಗ್ಯಾಕೆ?"

ಮಗಳನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು. ಮೈಕ್ರಾನಕ್ಕ ನಿಂತೇ ಹೇಳಿದರು, ಒಂದು ಬಿಡದೆ, ಫೋನಿನ ವಿಷಯ ಒಂದನ್ನು ಬಿಟ್ಟು. ಅದನ್ನು ನಾನು ಸೇರಿಸಿದೆ. ಮಗಳು ಕೇಳುತ್ತ ಕೇಳುತ್ತ ಕೆಂಪಾದಳು.

"ಅಂದ್ರೆ ಇಷ್ಟು ದಿನ ನಮ್ಮಪ್ಪ ಗೋಡೆ ನೋಡ್ಕೊಂಡು ಮಲಗಿದ್ದು ಸುಮ್‌ಸುಮ್ನೇನಾ?"

"ಇರಬಹುದು. ಇನ್ನೊಂದು ಸಲ ನೋಡಿದ್ರೂ ಅದೇ ಬರಬಹುದು. ಈಗ ಬಂದಿರೋದು ಮಾತ್ರ ನಿಮ್ಮಪ್ಪನ ಗಡ್ಡೆದಲ್ಲ."

"ಇದನ್ನೆಲ್ಲ ನನಗೆ ಹೇಳ್ಬೇಕಿತ್ತಾ ನೀವು? ಹೇಳದೇ ಇದ್ದಿದ್ರೆ ನನಗೇನು ಗೊತ್ತಾಗ್ತಿತ್ತು?"

"ನನಗೆ ಗೊತ್ತಾಗಿತ್ತಲ್ಲ ತಂಗೀ."

ಮಗಳು ಮುಖ ಒರೆಸಿಕೊಂಡಳು. ಹಿಟ್ಟು ಕೆನ್ನೆಗೂ ಅಂಟಿತು. ಆಮೇಲೆ ಕೆಲಸ ಬಲ್ಲವರು ಕೇಳುವ ಪ್ರಶ್ನೆ ಕೇಳಿದಳು. "ಎಷ್ಟು ಬೇಕು ಅಂದ್ರಿ? ಹನ್ನೊಂದಾ? ಅದ್ರಲ್ಲಿ ಎಷ್ಟು ಬರುತ್ತೆ?"

ಮೈಕ್ರಾನಕ್ಕ ಪುಸ್ತಕ ನೋಡಿದರು. ತುಣುಕು ಮೇಣಕ್ಕೆ ಇಳಿದಾಗ ನಾನೂರು ಮೈಕ್ರಾನಿನಷ್ಟಿತ್ತು, ಈವರೆಗೆ ಹೋದದ್ದು ಮುನ್ನೂರ ಮೂವತ್ತೈದು. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಅಡ್ಡ ಹಿಡಿದು, ಭೂತಗನ್ನಡಿಯಲ್ಲಿ ಪಕ್ಕದಿಂದ ದಿಟ್ಟಿಸಿದರು. ಮೇಣದೊಳಗೆ ಬೂದು ನೆರಳಿನ ಒಂದು ಎಳೆ. ಮುಖ ಸರಿಮಾಡಲು ಎರಡು ಹೋಗುತ್ತವೆ.

"ಹನ್ನೊಂದು," ಎಂದರು.

ಮಗಳು ಅವರ ಮುಖವನ್ನೇ ನೋಡಿದಳು. "ಹದಿನೈದು ಇಪ್ಪತ್ತು ಅಂದಿದ್ರೆ ಎದ್ದು ಹೋಗ್ತಿದ್ದೆ. ನಮ್ಮಲ್ಲೂ ಅಷ್ಟೇ. ಕೆಲಸಕ್ಕೆ ಹೊಸದಾಗಿ ಬಂದವರು ಕೇಕ್ ನೋಡಿ ಹನ್ನೆರಡು ಪೀಸ್ ಬರುತ್ತೆ, ಹದಿನಾರು ಬರುತ್ತೆ ಅಂತಾರೆ. ಕೈ ಪಳಗಿದವರಿಗೆ ಮಾತ್ರ ಹನ್ನೊಂದು ಅಂತ ಹೇಳೋಕಾಗೋದು." ಎದ್ದು ಚೀಟಿಯನ್ನು ಮೇಜಿನ ಮೇಲಿಟ್ಟಳು. "ಕತ್ತರಿಸಿ ಅಕ್ಕ. ನೀವೇ ಕತ್ತರಿಸಿ, ಬೇರೆಯವರ ಕೈಗೆ ಕೊಡ್ಬೇಡಿ."

ಬಿಲ್ಲೆಯನ್ನು ಇಪ್ಪತ್ತು ನಿಮಿಷ ಮಂಜುಗಡ್ಡೆಯ ಮೇಲಿಟ್ಟರು. ಹೊಸ ಬ್ಲೇಡು ಹಾಕಿದರು. ಫ್ಯಾನು ನಿಲ್ಲಿಸಿದರು, ಗೋಡೆಯ ಫೋನಿನ ವೈರು ಕಿತ್ತರು. ಆಮೇಲೆ ಬಿಲ್ಲೆಯ ಮುಖವನ್ನು ಬ್ಲೇಡಿನ ಹತ್ತಿರ ತಂದು, ಹಿಂದೆ ಒಂದು ದೀಪ ಇಟ್ಟು, ನಡುವಿನ ಸಂದಿಯಲ್ಲಿ ಕಾಣುವ ಬೆಳಕಿನ ಗೆರೆಯನ್ನು ನೋಡುತ್ತ ಕೂತರು. ಗೆರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಸ್ಕ್ರೂವನ್ನು ಒಂದಿಷ್ಟು ತಿರುಗಿಸುವುದು, ನೋಡುವುದು. ಇನ್ನೊಂದಿಷ್ಟು. ಹೀಗೆ ಇಪ್ಪತ್ತೈದು ನಿಮಿಷ. ಗೆರೆ ಈ ತುದಿಯಿಂದ ಆ ತುದಿಗೆ ಒಂದೇ ದಪ್ಪಕ್ಕೆ ಬಂದಾಗ, "ಅತ್ತೇ, ಇವತ್ತೊಂದು ದಿನ ಮರ್ಯಾದೆ ಉಳಿಸಿ," ಎಂದು, ಬಾಗಿ, ಬಿಲ್ಲೆಯ ಮುಖದ ಮೇಲೆ ಒಮ್ಮೆ ಉಸಿರು ಬಿಟ್ಟರು. ಆ ಬಿಸಿಗೆ ಮೇಣ ಕೂದಲೆಳೆಗಿಂತ ಕಡಿಮೆ ಉಬ್ಬುತ್ತದೆ. ಅಷ್ಟು ಸಾಕು ಬ್ಲೇಡಿಗೆ ಮೊದಲ ಪೊರೆ ಸಿಗಲು.

ಚಕ್ರ ತಿರುಗಿತು. ಮೊದಲನೆಯದು ಅರ್ಧ ಬಂತು. ಎರಡನೆಯದು ಮುಕ್ಕಾಲು. ಇವು ಹೋಗುತ್ತವೆಂದು ಅವರು ಹೇಳಿದ್ದ ಆ ಎರಡು. ಮೂರನೆಯದು ಇಡಿಯಾಗಿ ಬಂತು, ಬಲಮೂಲೆಯಲ್ಲಿ ಕಚ್ಚು ಸಮೇತ.

"ಒಂದು," ಎಂದರು.

ಪಟ್ಟಿಯನ್ನು ಒಂದೇ ಉದ್ದಕ್ಕೆ ಬಿಡದೆ ಒಂದೊಂದನ್ನೂ ಕುಂಚದಿಂದ ಎತ್ತಿ, ಮಿನುಗುವ ಮೈ ನೋಡಿ, ನೀರಿಗೆ ಬಿಟ್ಟು, ಸ್ಲೈಡಿಗೆ ತೆಗೆದು, ಬೆಳಕಿಗೆ ಹಿಡಿದು ಕಚ್ಚು ನೋಡಿದ ಮೇಲೆಯೇ ಮುಂದಿನದು. ಮೇಡಂ ಬಾಗಿಲ ಬಳಿ ನಿಂತಿದ್ದರು. ಒಳಗೆ ಬರಲೂ ಇಲ್ಲ, ಹೊರಗೆ ಹೋಗಲೂ ಇಲ್ಲ. ನಾನು ಸ್ಲೈಡುಗಳ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆಯುತ್ತಿದ್ದೆ. ಏಳನೆಯದರ ಹೊತ್ತಿಗೆ ಬಿಲ್ಲೆಯ ಬೂದು ನೆರಳು ಕಣ್ಣಿಗೆ ಕಾಣದಷ್ಟಾಗಿತ್ತು. ಒಂಬತ್ತನೆಯದರಲ್ಲಿ ಮಧ್ಯೆ ಸೂಜಿಮೊನೆಯಷ್ಟು ತೂತು. ಹತ್ತನೆಯದರಲ್ಲಿ ಮಾಮೂಲಿ ಮಿದುಳಿನ ಭಾಗ ಪೂರ್ತಿ ಹೋಗಿತ್ತು; ಗಡ್ಡೆಯ ಭಾಗ ಇತ್ತು. ಅವರು ಬಿಲ್ಲೆಯ ಮೇಲೆ ಇನ್ನೊಮ್ಮೆ ಉಸಿರು ಬಿಟ್ಟು ಚಕ್ರ ತಿರುಗಿಸಿದರು. ಚಿಕ್ಕದೊಂದು ಪೊರೆ ಬ್ಲೇಡಿನ ಮೇಲೆ ಬಂದು ನಿಂತಿತು, ಬೇಳೆಯಷ್ಟೇ ತುಣುಕು ಇಟ್ಟುಕೊಂಡು. ಅದಾದ ಮೇಲೆ ಬಂದದ್ದು ಬರೀ ಮೇಣ.

"ಇದೂ ಲೆಕ್ಕಕ್ಕೆ ಬರುತ್ತಾ ಮಹಡಿಯವರೇ?"

"ಬರುತ್ತೆ ಅಕ್ಕ. ಗಡ್ಡೆಯೇ ಇರೋದು ಅದ್ರಲ್ಲಿ."

"ಹಾಗಾದ್ರೆ ಫೋನ್ ವೈರ್ ಹಾಕಿ. ಯಾರ್ಯಾರು ಬೈಯೋಕೆ ಕಾಯ್ತಿದಾರೋ."

ಮೊದಲನೆಯದಕ್ಕೆ ಬಣ್ಣ ಹಾಕಿದರು. ಮೇಡಂ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೊಸದಾಗಿ ಸುತ್ತು ಬರೆದರು. ಅದರೊಳಗೆ ನೂರಕ್ಕೆ ಎಂಬತ್ತು ಗಡ್ಡೆಯ ಕಣಗಳೇ. ಉಳಿದ ಹತ್ತನ್ನು ನಾನು ಮಹಡಿಗೆ ಒಯ್ದೆ. ಈ ಸಲ ಮೇಣ ಕರಗಿಸುವ ಮೊದಲು ಪ್ರತಿಯೊಂದರ ಕಚ್ಚನ್ನೂ ನೋಡಿದೆ. ಅಂದು ಮಧ್ಯಾಹ್ನ ಮೈಕ್ರಾನಕ್ಕ ವಿಭಾಗದ ತಪ್ಪಿನ ಪುಸ್ತಕ ತೆಗೆದು ಬರೆದ ಸಾಲು ಈಗಲೂ ಇದೆ: 'ಪಟ್ಟಿ ಮಗುಚಿ ನೀರಿಗೆ ಬಿಟ್ಟದ್ದು ನಾನು. ಕಚ್ಚು ಹಾಕಿದ್ದೆ. ನೋಡಿರಲಿಲ್ಲ.' ಕೆಳಗೆ ಸಹಿ. ಅದರ ಕೆಳಗೆ ನಾನೂ ಒಂದು ಸಾಲು ಬರೆದು ಸಹಿ ಹಾಕಿದೆ.

ಶುಕ್ರವಾರ ಹನ್ನೊಂದೂವರೆಗೆ ಫಲಿತಾಂಶ ಬಂತು. ಮೂರು ಸಲ ಪರೀಕ್ಷಿಸಿ ನೋಡಿದೆ, ಮೂರರಲ್ಲೂ ಒಂದೇ. ಬೀಗ ಇತ್ತು, ಅದೂ ಭದ್ರವಾಗಿ. ಕೆಳಗೆ ಫೋನ್ ಮಾಡಿದೆ.

"ಡಬ್ಬಿಗೆ ಬೀಗ ಬಿದ್ದಿದೆ ಅಕ್ಕ."

"ಸರಿ. ಇಡ್ತೀನಿ, ಪಟ್ಟಿ ಅರ್ಧದಲ್ಲಿದೆ," ಎಂದರು. ಆದರೆ ಅವರ ಪಕ್ಕದಲ್ಲಿ ಕೂರುವವರು ನನಗೆ ಹೇಳಿದ ಪ್ರಕಾರ ಪಟ್ಟಿ ಅರ್ಧದಲ್ಲಿರಲಿಲ್ಲ. ಪಟ್ಟಿ ಅರ್ಧದಲ್ಲಿದ್ದಾಗ ಅವರು ಫೋನ್ ಎತ್ತುವುದನ್ನು ಆ ಮಂಗಳವಾರದಿಂದಲೇ ಬಿಟ್ಟಿದ್ದರು. ಫೋನ್ ಇಟ್ಟು, ಅತ್ತೆಗೆ ಹೊದಿಕೆ ಹೊದಿಸಿ, ಹೊರಗೆ ಹೋಗಿ ಒಂದು ಲೋಟ ಟೀ ಕುಡಿದು ಬಂದರಂತೆ. ಕೆಲಸದ ಹೊತ್ತಿನಲ್ಲಿ ಅವರು ಹಾಗೆ ಎದ್ದು ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಸೋಮವಾರದ ತೀರ್ಮಾನ ಬದಲಾಯಿತು. ಅಂಚೆಯವರಿಗೆ ಕಿರಣದ ಜೊತೆ ಮಾತ್ರೆಯೂ ಶುರುವಾಯಿತು, ಆಮೇಲೆ ತಿಂಗಳಿಗೆ ಐದು ದಿನದಂತೆ ಆರು ಸುತ್ತು. ಈ ಗಡ್ಡೆಯ ವಿಷಯದಲ್ಲಿ ಪೂರ್ತಿ ಗುಣ ಎಂಬ ಮಾತನ್ನು ಯಾರೂ ಆಡುವುದಿಲ್ಲ. ಮೇಡಂ ಮಗಳಿಗೆ ಅದನ್ನು ಬಿಡಿಸಿಯೇ ಹೇಳಿದ್ದರು. ಸಿಗುವುದು ಸಮಯ. ಅದು ಸಿಗುತ್ತಿತ್ತು. ಆರನೆಯ ಸುತ್ತು ಮುಗಿದಾಗಿನ ಸ್ಕ್ಯಾನಿನಲ್ಲಿ ಗಡ್ಡೆ ಮೊದಲಿನ ಕಾಲು ಭಾಗದಷ್ಟಿತ್ತು.

ಅದರ ಮರುದಿನ ಬೆಳಿಗ್ಗೆ ಕಿಟಕಿಯ ಗಾಜನ್ನು ಮತ್ತೆ ನಾಣ್ಯದಿಂದ ತಟ್ಟಿದರು. ಮಗಳು, ಕೈಯಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ. ಪಕ್ಕದಲ್ಲಿ ತೆಳ್ಳಗಿನ ಎತ್ತರದ ಮುದುಕರು, ತಲೆಗೆ ಉಣ್ಣೆಯ ಟೋಪಿ. ಒಳಗೆ ಬರುವಾಗ ಬಾಗಿಲಲ್ಲಿ ನಿಂತು, ಯಾರೋ ಕಲಿಸಿಕೊಟ್ಟ ಹಾಗೆ, ಬೇಕೆಂದೇ ಕತ್ತು ತಿರುಗಿಸಿ ಎಡಗಡೆಯನ್ನು ಪೂರ್ತಿ ನೋಡಿ ಆಮೇಲೆ ಹೆಜ್ಜೆಯಿಟ್ಟರು. ಎಡಗಡೆಯೇ ಮೈಕ್ರಾನಕ್ಕ ಕೂತಿದ್ದರು.

"ನನ್ನ ಟಪಾಲನ್ನ ಪಕ್ಕದ ಮನೆಗೆ ಹಾಕಿದವರು ಯಾರಮ್ಮ ಇಲ್ಲಿ?"

ಮೈಕ್ರಾನಕ್ಕ ಎದ್ದು ನಿಂತರು. "ನಾನೇ ಯಜಮಾನ್ರೇ."

"ಹೂಂ. ನಾನೂ ಮೂವತ್ತನಾಲ್ಕು ವರ್ಷದಲ್ಲಿ ಬೇಕಾದಷ್ಟು ಸಲ ಹಾಕಿದ್ದೀನಿ. ಆದರೆ ವಾಪಸ್ ಹೋಗಿ, ಇಸ್ಕೊಂಡು, ಸರಿಯಾದ ಮನೆಗೆ ಹಾಕಿದ್ದು ಒಂದೆರಡೇ ಸಲ. ಬಿಸಿಲು ನೋಡಿ ಸುಮ್ನಾಗ್ತಿದ್ದೆ."

"ಅಪ್ಪಾ, ಅದನ್ನೆಲ್ಲ ಇಲ್ಲಿ ಹೇಳ್ಬೇಡಿ, ಪೆನ್ಷನ್ ನಿಲ್ಲಿಸ್ತಾರೆ," ಎಂದಳು ಮಗಳು, ಪೆಟ್ಟಿಗೆ ಬಿಚ್ಚುತ್ತ.

ಒಳಗೆ ಉದ್ದನೆಯ ಒಂದು ಕೇಕು, ಮೇಲೆ ಅಲಂಕಾರ ಏನೂ ಇಲ್ಲದ್ದು. ಒಂದು ಮೂಲೆಯಲ್ಲಿ ಮಾತ್ರ, ಮೇಲೆ ಬಲಗಡೆ, ಚಾಕುವಿನಿಂದ ಪುಟ್ಟದೊಂದು ಚೂರು ತೆಗೆದಿತ್ತು. ಮೈಕ್ರಾನಕ್ಕ ಅದನ್ನು ನೋಡಿದವರೇ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮೇಡಂ ಬಂದರು, ನಾವು ಮಹಡಿಯವರು ಇಳಿದು ಬಂದೆವು, ಗುಮಾಸ್ತನೂ ಬಂದ. ಮಗಳು ಬೇಕರಿಯ ಚಾಕುವನ್ನು ಮೈಕ್ರಾನಕ್ಕನ ಕೈಗೆ ಕೊಟ್ಟಳು.

"ಅಕ್ಕ, ಇದ್ರಲ್ಲಿ ಎಷ್ಟು ಬರುತ್ತೆ?"

ಅವರು ಕನ್ನಡಕ ಸರಿಮಾಡಿಕೊಂಡರು. ಮೊಣಕಾಲು ಬಾಗಿಸಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಕಿಟಕಿಯ ಬೆಳಕಿನಲ್ಲಿ ಕೇಕನ್ನು ಈ ತುದಿಯಿಂದ ಆ ತುದಿಗೆ ಪಕ್ಕದಿಂದ ದಿಟ್ಟಿಸಿದರು. ಹೇಳುವ ಮೊದಲೇ ಮಗಳು ನಗತೊಡಗಿದ್ದಳು.

"ಹನ್ನೊಂದು."